ಬಂಗಾಲಿ ಟೋಲಾದಲ್ಲೊಂದು ಊರಿನ ಅಂಗಡಿ

ಮಾಟುಂಗಾಕ್ಕೆ ಹೋದರೆ ಬಾಳೆಲೆಯಿಂದ ಹಿಡಿದು ಕಾಫಿ ಪುಡಿಯವರೆಗೆ ಎಲ್ಲವೂ ಸಿಗುವ ನಾವು ಮುಂಬಯಿ ಕನ್ನಡಿಗರು ಭಾಗ್ಯವಂತರು. ಕಾಶಿಯಲ್ಲಿರುವ ನಮ್ಮವರ ಪಾಡೇನು ಎಂದು 2019ರವರೆಗೆ ನಾನೂ ಯೋಚಿಸಿದವನಲ್ಲ.

ದಶಾಶ್ವಮೇಧ ಘಾಟಿನ ಹಿಂದಿನಿಂದ ಕೇದಾರ ಘಾಟಿನತ್ತ ಸಾಗುವ ಇಕ್ಕಟ್ಟಾದ ಓಣಿಗಳೇ ಬಂಗಾಲಿ ಟೋಲಾ. ಹೆಸರು ಬಂಗಾಲಿಗಳದ್ದಾದರೂ ದಕ್ಷಿಣದವರ ಓಡಾಟ ಇಲ್ಲಿ ಕಡಿಮೆಯೇನಲ್ಲ. ಗೋದೌಲಿಯಾ ಬದಿಗೆ ವೀರಶೈವರ ಜಂಗಮವಾಡಿ ಮಠವಿದೆ. ಹರಿಶ್ಚಂದ್ರ ಘಾಟ್ ದಾಟಿದರೆ ಮೈಸೂರು ಸಂಸ್ಥಾನ ಕಟ್ಟಿಸಿದ, ಇಂದಿನ ಕರ್ನಾಟಕ ಘಾಟ್. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ಯಾತ್ರೆಯ ರೈಲು ಆರಂಭವಾಯಿತು. ಆದರೆ ಯಾತ್ರಿಕರು ಎರಡು ದಿನ ಇದ್ದು ಗಂಗಾಥಾಲಿ, ಕಾಶಿದಾರ ಕೊಂಡು ಹಿಂದಿರುಗುವವರು. ಕಾಶೀವಾಸಕ್ಕೆಂದು ಬಂದು ಉಳಿದ ಮುದುಕರ ವಿಷಯ ಬೇರೆ.

ನನ್ನ ದೊಡ್ಡಮ್ಮ ಹಾಗೆ ಬಂದು ಬಾಡಿಗೆ ಕೋಣೆಯಲ್ಲಿ ಏಳು ವರ್ಷ ಇದ್ದರು. ಗಂಜಿ ಉಣ್ಣುವ ಜೀವ. ಕುಚ್ಚಲಕ್ಕಿಗೆ ಏನು ಮಾಡುತ್ತಾರೋ ಎಂದು ಮನೆಯವರಿಗೆಲ್ಲ ಚಿಂತೆ. "ಇಲ್ಲಿ ಬಂಗಾಲಿಯವರೂ ಕುಚ್ಚಲಕ್ಕಿಯೇ ಉಣ್ಣುವುದು ಮಾರಾಯ, ನಮ್ಮದರಷ್ಟು ಕೆಂಪಿಲ್ಲ ಅಷ್ಟೆ" ಎಂದು ಫೋನಿನಲ್ಲಿ ನಗುತ್ತಿದ್ದರು.

ಅವರು ತೀರಿಕೊಂಡ ಮೇಲೆ ಕೋಣೆ ತೆರವು ಮಾಡಲು ಹೋದಾಗಲೇ ಆ ಅಂಗಡಿ ಕಂಡದ್ದು. ಇಬ್ಬರು ನಿಂತರೆ ತುಂಬುವ ಜಾಗ. ಬ್ಯಾಡಗಿ ಮೆಣಸು, ಹುಣಸೆಹುಳಿ, ಹಪ್ಪಳ, ಅವಲಕ್ಕಿ, ಕಾಫಿ ಪುಡಿ. ಮಾಲೀಕರ ಮನೆಮಾತು ಬಂಗಾಲಿ, ಆದರೆ ಗಿರಾಕಿಗಳಿಂದ ಕಲಿತ ಕನ್ನಡದಲ್ಲಿ "ಬನ್ನಿ, ಕೂತುಕೊಳ್ಳಿ" ಎಂದರು.

ಸಾಲವಿದ್ದರೆ ತೀರಿಸೋಣವೆಂದು ನಾನು ಕೇಳಿದೆ. ಅವರು ಕೆಂಪು ಬಟ್ಟೆಯ ಪುಸ್ತಕ ತೆರೆದು 1,140 ರೂಪಾಯಿ ನನ್ನ ಕೈಗೇ ಇಟ್ಟರು! ಕೈಯಲ್ಲಿದ್ದರೆ ಖರ್ಚಾದೀತೆಂದು ದೊಡ್ಡಮ್ಮ ಪ್ರತಿ ತಿಂಗಳು ಮುಂಗಡ ಕೊಟ್ಟು, ಅದರಲ್ಲೇ ಸಾಮಾನು ಒಯ್ಯುತ್ತಿದ್ದರಂತೆ. ರಸೀದಿ ಇಲ್ಲ, ನಾಮಿನಿ ಇಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಫಾರಂ ತುಂಬಿಸಿದ ನನಗೆ ಮಾತೇ ಹೊರಡಲಿಲ್ಲ.

ವಾರಸುದಾರರು ಬಾರದ ಖಾತೆಗಳೂ ಆ ಪುಸ್ತಕದಲ್ಲಿದ್ದವು. ಹತ್ತು ವರ್ಷ ಯಾರೂ ಕೇಳದ ಠೇವಣಿಯನ್ನು ನಮ್ಮ ಬ್ಯಾಂಕುಗಳು 2014ರಿಂದ ರಿಸರ್ವ್ ಬ್ಯಾಂಕಿನ ನಿಧಿಗೆ ಕಳುಹಿಸುತ್ತವೆ. ಇವರಾದರೋ ಬಂಗಾಲಿ ಹೊಸ ವರ್ಷದ ದಿನ ಹಾಲ್‌ಖಾತಾ ಪೂಜೆ ಮಾಡಿ, ಅಂಥ ಖಾತೆಗಳ ಬಾಕಿಯನ್ನೂ ಹೊಸ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ.

"ಇವರ ಕಡೆಯವರು ನಿಮಗೆ ಗೊತ್ತೇ?" ಎಂದು ಕುಂದಾಪುರದ ಅಜ್ಜಿಯೊಬ್ಬರ ಹೆಸರು ತೋರಿಸಿದರು. 86 ರೂಪಾಯಿ ಬಾಕಿ. ಹೆಸರನ್ನು ಇಲ್ಲಿ ಅಚ್ಚು ಹಾಕಿಸುವುದು ಸರಿಯಲ್ಲ. ಹಿರಿಯರನ್ನು ಕಾಶಿಗೆ ಕಳುಹಿಸಿದ್ದ ಕುಂದಾಪುರ ಕಡೆಯ ಸದಸ್ಯರು ಸಂಘದ ಕಚೇರಿಯಲ್ಲಿ ವಿಚಾರಿಸಬಹುದು. ಚೀಟಿ ಅಲ್ಲಿ ಕೊಟ್ಟಿದ್ದೇನೆ.