ಸಿಪಾಯಿಯ ಗೊಣಗಾಟ ಉಳಿಸಿದ ಹಾಳೆಗಳು

ಯುದ್ಧ ಮುಗಿದ ಮೇಲೆ ಸೇನಾಪತಿಗಳ ಆತ್ಮಕಥೆಗಳು ಉಳಿಯುತ್ತವೆ, ವಿಜಯಸ್ತಂಭಗಳು ಉಳಿಯುತ್ತವೆ. ಕೆಸರಿನ ಗುಂಡಿಯಲ್ಲಿ ಒದ್ದೆ ಬೂಟುಗಳೊಡನೆ ರಾತ್ರಿ ಕಳೆದ ಸಾಮಾನ್ಯ ಸಿಪಾಯಿಯ ಗೊಣಗಾಟ ಎಲ್ಲಿ ಉಳಿದೀತು? ಎರಡನೆಯ ಮಹಾಯುದ್ಧದ ಮಟ್ಟಿಗೆ ಅದು ಉಳಿದಿರುವ ಒಂದು ಜಾಗ, ಅಮೆರಿಕದ ಸೈನ್ಯ ತನ್ನವರಿಗಾಗಿ ಹೊರಡಿಸುತ್ತಿದ್ದ ಪತ್ರಿಕೆಗಳ ವ್ಯಂಗ್ಯಚಿತ್ರಗಳು. ಹವ್ಯಾಸಿ ಸಂಗ್ರಾಹಕರು ಅವುಗಳ ಬೆನ್ನು ಹತ್ತಿರುವುದಕ್ಕೆ ಕಾರಣವೂ ಇದೇ.

1942ರ ಜೂನ್‌ನಲ್ಲಿ ಆರಂಭವಾದ ‘ಯಾಂಕ್’ ವಾರಪತ್ರಿಕೆಯಲ್ಲಿ ಜಾರ್ಜ್ ಬೇಕರ್ ‘ಸ್ಯಾಡ್ ಸ್ಯಾಕ್’ ಎಂಬ ಬಡಪಾಯಿ ಸಿಪಾಯಿಯನ್ನು ಸೃಷ್ಟಿಸಿದರು. ಡಿಸ್ನಿ ಸಂಸ್ಥೆಯಲ್ಲಿದ್ದು ಸೈನ್ಯ ಸೇರಿದ ಬೇಕರ್, ಹೆಚ್ಚಾಗಿ ಮಾತಿಲ್ಲದ ಚಿತ್ರಗಳಲ್ಲೇ ಕಥೆ ಹೇಳಿದರು. ಹೇಳಿದ್ದನ್ನೆಲ್ಲ ಮಾಡಿಯೂ ಕೊನೆಗೆ ಪೆಟ್ಟು ತಿನ್ನುವವನು ಈ ಬಡಪಾಯಿಯೇ. ಪತ್ರಿಕೆಯ ಒಂದು ಆವೃತ್ತಿ ಅಂದಿನ ಕಲ್ಕತ್ತದಲ್ಲೂ ಮುದ್ರಣವಾಗಿ, ಭಾರತ–ಬರ್ಮಾ ರಂಗದಲ್ಲಿದ್ದ ಅಮೆರಿಕನ್ ಸೈನಿಕರನ್ನು ಮುಟ್ಟುತ್ತಿತ್ತು.

‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್’ ಪತ್ರಿಕೆಯ ಬಿಲ್ ಮಾಲ್ಡಿನ್ ಇಟಲಿಯ ರಣರಂಗದಲ್ಲಿ ಸ್ವತಃ ಗಾಯಗೊಂಡಿದ್ದವರು. ಅವರ ವಿಲ್ಲಿ ಮತ್ತು ಜೋ ಗಡ್ಡ ಬೋಳಿಸದ, ನಿದ್ದೆಗೆಟ್ಟ ಕಾಲಾಳುಗಳು. ಇದರಿಂದ ಶಿಸ್ತು ಕೆಡುತ್ತದೆಂದು ಕೆರಳಿದ ಜನರಲ್ ಪ್ಯಾಟನ್, 1945ರಲ್ಲಿ ಮಾಲ್ಡಿನ್ನರನ್ನು ಕರೆಸಿ ತರಾಟೆಗೆ ತೆಗೆದುಕೊಂಡರು. ಚಿತ್ರಗಳ ಧಾಟಿ ಬದಲಾಗಲಿಲ್ಲ. ಅದೇ ವರ್ಷ, 23ನೆಯ ವಯಸ್ಸಿನಲ್ಲಿ, ಅವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಪ್ರಶಸ್ತಿಗೆ ಕಾರಣವಾದ ಚಿತ್ರಗಳಲ್ಲಿ ಪ್ರಸಿದ್ಧವಾದದ್ದರಲ್ಲಿ ಗೆದ್ದವರೂ ಸೆರೆಸಿಕ್ಕವರೂ ಮಳೆಯಲ್ಲಿ ಒಂದೇ ಸಮನೆ ಬಳಲಿ ನಡೆಯುತ್ತಿದ್ದಾರೆ. ಅಡಿಬರಹ ಮಾತ್ರ ವಿಜಯದ ವರದಿಗಳ ಧಾಟಿಯಲ್ಲಿ ಸೈನ್ಯದ ಹುರುಪನ್ನು ಹೊಗಳುತ್ತದೆ.

ಓದಿ ಎಸೆಯಲೆಂದೇ ಅಚ್ಚಾದ ಈ ಹಾಳೆಗಳನ್ನು ಕಾಪಾಡುವುದು ಸುಲಭವಲ್ಲ. ಮರದ ತಿರುಳಿನಿಂದ ತಯಾರಾದ ಅಗ್ಗದ ಕಾಗದದಲ್ಲಿ ಆಮ್ಲ ಹುಟ್ಟಿ, ಅದು ಹಳದಿಯಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ಬಿಸಿಲು, ತೇವ, ಅಂಟುಪಟ್ಟಿ ಮೂರೂ ಅದಕ್ಕೆ ಶತ್ರುಗಳು. ಆಮ್ಲರಹಿತ ಕಾಗದದ ನಡುವೆ, ಮಡಿಸದೆ, ಕತ್ತಲಲ್ಲಿ ಇಡಬೇಕು.

ಮಾಲ್ಡಿನ್ನರ ಯುದ್ಧಕಾಲದ ಚಿತ್ರಗಳು 2008ರಲ್ಲಿ ಗ್ರಂಥರೂಪದಲ್ಲಿ ಬಂದಿವೆ. ಹಾಗಿದ್ದರೆ ಮೂಲ ಪತ್ರಿಕೆಯ ಹಂಬಲವೇಕೆ? ಚಿತ್ರವನ್ನಷ್ಟೇ ಕತ್ತರಿಸಿಟ್ಟರೆ ತಾರೀಖು, ಆವೃತ್ತಿ, ಅಕ್ಕಪಕ್ಕದ ಸುದ್ದಿ ಎಲ್ಲವೂ ಹೋಗುತ್ತವೆ. ಇಡೀ ಪುಟ ಕೈಯಲ್ಲಿದ್ದರೆ ಮುನ್ನಡೆಯ ಸುದ್ದಿಯೂ, ಆ ಮುನ್ನಡೆಗೆ ನಡೆದು ನಡೆದು ಸೋತ ಕಾಲುಗಳ ಚಿತ್ರವೂ ಒಟ್ಟಿಗೆ ಕಾಣುತ್ತವೆ. ಅಂದಿನ ಸಿಪಾಯಿ ಅವೆರಡನ್ನೂ ಹಾಗೆಯೇ ಓದಿದ್ದ.