ಬ್ಯಾಸಗ್ಯಾಗ ಬೀಗರು ಬ್ಯಾಡ! ಮಿಶ್ರಿಕೋಟಿ ಸೀಮೆಯ ಗುಡ್ಡದ ತೋಟದಲ್ಲಿ ಒಂದು ರಾತ್ರಿ

ಶನಿವಾರ ಮಧ್ಯಾಹ್ನ ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿರಿ. ಕಾರುಗಳ ಸಾಲು ಕಲಘಟಗಿ ದಾಟಿ ಯಲ್ಲಾಪುರದ ಕಾಡಿನ ಕಡೆಗೆ ಹೊರಟಿರುತ್ತದೆ. ಒಳಗೆ ಮಕ್ಕಳು, ಚಿಪ್ಸ್ ಪೊಟ್ಟಣ, ಬಾಟಲಿ ನೀರು. ರೆಸಾರ್ಟಿನಲ್ಲಿ ಒಂದು ರಾತ್ರಿ ಕಳೆದು ಭಾನುವಾರ ಸಂಜೆ "ಛಲೋ ಆತು" ಎನ್ನುತ್ತ ತಿರುಗಿ ಬರುತ್ತಾರೆ. ಬರಲಿ, ಬ್ಯಾಡ ಅನ್ನಲು ನಾವ್ಯಾರು? ಆದರೆ ಇವರು ದಾರಿಯಲ್ಲೇ ಬಿಟ್ಟುಹೋಗುವ ಮಿಶ್ರಿಕೋಟಿ ಸೀಮೆಯಲ್ಲಿ ಒಂದು ಇಳಿಜಾರಿನ ತೋಟವಿದೆ. ಅಲ್ಲಿಯೂ ಬೀಗರನ್ನು ಇಳಿಸಿಕೊಳ್ಳುತ್ತಾರೆ. ಬೋರ್ಡು ಇಲ್ಲ, ಈಜುಕೊಳ ಇಲ್ಲ, ಟೀವಿ ಇಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ, ಮಂದಿ ರಜೆ ಹಾಕಿ ಊರು ಬಿಡುವ ಹೊತ್ತಿಗೇ, ಮಾರ್ಚದಿಂದ ಮೇ ತನಕ, ಈ ತೋಟದ ಬಾಗಿಲು ಬಂದ್. "ಬ್ಯಾಸಗ್ಯಾಗ ಬೀಗರು ಬ್ಯಾಡ್ರೀ" ಎಂದು ಯಜಮಾನರು ಖಡಾಖಂಡಿತ ಹೇಳಿಬಿಡುತ್ತಾರೆ.

ಏನಿದರ ಮರ್ಮ? ತಿಳಿಯಲೆಂದೇ ದೀಪಾವಳಿ ಮುಗಿದ ವಾರ ಅಲ್ಲಿ ಒಂದು ರಾತ್ರಿ ವಸ್ತಿ ಮಾಡಿದೆವು. ಹೆಸರು ಹಾಕಬಾರದು, ಫೋಟೋ ತೆಗೆಯಬಾರದು ಎಂಬ ಷರತ್ತಿನ ಮೇಲೆ ಯಜಮಾನರು ಬಾಯಿ ಬಿಟ್ಟರು. ನೌಕರಿಯಿಂದ ನಿವೃತ್ತರಾದವರು. ಹೊಲ ಅಜ್ಜನ ಕಾಲದ್ದು. ನವಲಗುಂದ, ಅಣ್ಣಿಗೇರಿ ಕಡೆಯವರಿಗೆ ಹೊಲವೆಂದರೆ ಕರಿ ಎರಿ ಭೂಮಿ, ಕಣ್ಣು ಹಾಯಿಸಿದಷ್ಟು ಸಪಾಟು. ಇದು ಹಾಗಲ್ಲ. ಮೇಲೆ ಗರಸು, ನಡುವೆ ಮಸಾರಿ, ಕೆಳಗಿನ ತಗ್ಗಿನಲ್ಲಿ ಮಾತ್ರ ಕೂರಿಗೆಯಿಂದ ಬಿತ್ತಿದ ಭತ್ತ. ಮಳೆ ಇಲ್ಲಿ ನವಲಗುಂದಕ್ಕಿಂತ ಹೆಚ್ಚೇ ಬೀಳುತ್ತದೆ. ಆದರೆ ಬಿದ್ದ ನೀರು ಮಣ್ಣನ್ನೂ ಕಟ್ಟಿಕೊಂಡು ಹಳ್ಳಕ್ಕೆ ಓಡಿಬಿಡುತ್ತದೆ. ಜನವರಿಗೆ ಹೊಲ ಹಪ್ಪಳ.

"ಒಂದ ಎಕರೆ ಮ್ಯಾಲೆ ಒಂದ ಇಂಚು ಮಳಿ ಬಿದ್ರ ಎಷ್ಟ ನೀರು, ಹೇಳ್ರಿ ನೋಡೂಣು?" ಎಂದು ಯಜಮಾನರು ಚಹಾ ಕೈಗೆ ಕೊಡುವ ಮೊದಲೇ ಪರೀಕ್ಷೆಗಿಟ್ಟರು. ನಾವು ಸುಮ್ಮನಾದೆವು. ಸುಮಾರು 1 ಲಕ್ಷ ಲೀಟರ್! ಹಾಳೆ, ಪೆನ್ಸಿಲ್ ಹಿಡಿದು ಯಾರಾದರೂ ಲೆಕ್ಕ ಹಾಕಿ ನೋಡಬಹುದು. ಈ ನೀರನ್ನು ಓಡದಂತೆ ನಡಿಸುವುದು, ನಡೆಯುವ ನೀರನ್ನು ನಿಲ್ಲಿಸುವುದು, ನಿಂತ ನೀರನ್ನು ಇಂಗಿಸುವುದು. ತೋಟದ ವಿದ್ಯೆ ಇಷ್ಟೇ. ಮೂರು ಬಿದಿರುಗಳನ್ನು ಇಂಗ್ಲಿಷಿನ ‘ಎ’ ಅಕ್ಷರದಂತೆ ಕಟ್ಟಿ, ತುದಿಯಿಂದ ದಾರಕ್ಕೊಂದು ಕಲ್ಲು ಇಳಿಬಿಡುತ್ತಾರೆ. ದಾರ ನಡುಬಿದಿರಿನ ಗುರುತಿಗೆ ಬಂದರೆ ಎರಡೂ ಕಾಲು ಸಮಪಾತಳಿಯಲ್ಲಿವೆ ಎಂದರ್ಥ. ಹೀಗೆ ಗುರುತು ಹಾಕುತ್ತ ಹೋಗಿ, ಗುಡ್ಡಕ್ಕೆ ಅಡ್ಡಲಾಗಿ ಕಾಲುವೆ ತೋಡಿದ್ದಾರೆ. 12 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಒಂದು ಕಾಲುವೆ ತುಂಬಿದರೆ ಸುಮಾರು 1,350 ಲೀಟರ್ ನೀರು. ಒಂದೇ ಮಳೆಗಾಲದಲ್ಲಿ ಅದು ಎಷ್ಟು ಸಲ ತುಂಬಿ ಎಷ್ಟು ಸಲ ಇಂಗುತ್ತದೋ! ತೋಡಿದ ಮಣ್ಣು ಕೆಳಬದಿಗೆ ಒಡ್ಡು. ಒಡ್ಡಿನ ಮೇಲೆ ಗೊಬ್ಬರದ ಗಿಡ, ಹೊಂಗೆ, ಲಾವಂಚ. ಅದರ ಕೆಳಗೆ ಮಾವು, ಗೇರು, ಹಲಸು, ನುಗ್ಗಿ. ಎಲ್ಲಕ್ಕೂ ಕೆಳಗೆ ಒಂದು ಹೊಂಡ. ಬೋರ್‌ವೆಲ್ ಇಲ್ಲ.

ಈ ವಿದ್ಯೆ ಆಕಾಶದಿಂದ ಬಿದ್ದದ್ದಲ್ಲ. ಧಾರವಾಡದ ಹತ್ತಿರ ದಡ್ಡಿಕಮಲಾಪುರದಲ್ಲಿ ವೈದ್ಯ ಡಾ. ಸಂಜೀವ ಕುಲಕರ್ಣಿ ಅವರು ‘ಸುಮನ ಸಂಗಮ’ ಎಂಬ 17 ಎಕರೆಯ ತೋಟ ಕಟ್ಟಿದ್ದು ಈ ಭಾಗದ ಬಹಳ ಜನರಿಗೆ ಗೊತ್ತು. ಬರಡು ನೆಲ ಹಸಿರಾದ ಆ ಜಾಗಕ್ಕೆ ನೋಡಲು, ಕಲಿಯಲು ಹೋಗಿಬಂದವರು ನೂರಾರು. ನಮ್ಮ ಯಜಮಾನರೂ ಅವರಲ್ಲಿ ಒಬ್ಬರು. ಅದಕ್ಕೂ ಹಿಂದೆ ಜಪಾನಿನ ಫುಕುವೋಕಾ ಅವರ ‘ಒಂದು ಹುಲ್ಲಿನ ಕ್ರಾಂತಿ’ ಕನ್ನಡದಲ್ಲಿ ಓದಿ ತಲೆ ಕೆಡಿಸಿಕೊಂಡಿದ್ದರಂತೆ. "ಓದಿದ್ರ ಆಗಂಗಿಲ್ಲ, ಒಂದ ರಾತ್ರಿ ಇದ್ದ ನೋಡಬೇಕು. ಅದಕ್ಕ ನಾನೂ ಬೀಗರನ್ನ ಕರೀತೀನಿ" ಎಂದರು.

ಇರುವುದಾದರೂ ಹೇಗೆ? ಮಣ್ಣಿನ ಗೋಡೆಯ ಎರಡು ಕೋಣೆ, ಹಂಚಿನ ಮಾಡು. ಹಾಸಲು ಜಮಖಾನ, ಹೊದೆಯಲು ಕೌದಿ. ಊಟಕ್ಕೆ ಜೋಳದ ರೊಟ್ಟಿ, ಎಣಗಾಯಿ, ಗುರೆಳ್ಳು ಹಿಂಡಿ, ಕೆನೆಮೊಸರು. ಜೋಳ ಸಂತೆಯದ್ದು, ಉಳಿದದ್ದು ತೋಟದ್ದು ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ರಾತ್ರಿ ಹಂದಿ ಕಾಯುವ ಆಳಿನ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ಜಳಕಕ್ಕೆ, ಬಳಕೆಗೆ ಸೇರಿ ಒಬ್ಬರಿಗೆ ದಿನಕ್ಕೆ ನಾಲ್ಕು ಬಕೀಟು ನೀರು. ಸಾಬೂನು ಬದಲು ಸೀಗಿಪುಡಿ, ಕಡಲಿಹಿಟ್ಟು. ಬಚ್ಚಲ ನೀರು ಬಾಳೆಗಿಡಕ್ಕೆ. ಐದನೇ ಬಕೀಟು ಕೇಳಿದ ಹುಬ್ಬಳ್ಳಿಯ ಒಬ್ಬ ಗೃಹಸ್ಥರಿಗೆ "ಹೊಂಡ ತೋರಸ್ತೀನಿ ಬರ್ರಿ, ನೀವ ಹೇಳ್ರಿ ಕೊಡ್ಲೋ ಬ್ಯಾಡೋ" ಎಂದು ಕೈಹಿಡಿದು ಕರೆದೊಯ್ದಿದ್ದರಂತೆ! ಬೇಸಿಗೆಯ ಬಂದ್‌ನ ಮರ್ಮವೂ ಇದೇ. "ಸಣ್ಣ ಸಸಿಗೆ ಒಂದ ಸಲಕ್ಕ ಹತ್ತು ಲೀಟರ್ ಹಾಕ್ತೀನಿ. ಒಬ್ಬ ಬೀಗ ಒಂದ ದಿನಾ ಇದ್ರ ಆರು ಸಸಿ ಪಾಲಿನ ನೀರು ಹೋತು. ಏಪ್ರಿಲ್‌ದಾಗ ನಾ ಯಾರಿಗೆ ಕುಡಸ್ಲಿ?"

ಈ ಪ್ರಶ್ನೆ ಒಬ್ಬರ ತೋಟದ್ದಷ್ಟೇ ಅಲ್ಲ. ಹುಬ್ಬಳ್ಳಿ ಶಹರ ಈ ಗುಡ್ಡಗಳಿಗೆ ಬೀಗನಾಗಿ ಬಂದು ಬಹಳ ವರ್ಷವಾಯಿತು. ಇದೇ ಕಲಘಟಗಿ ತಾಲ್ಲೂಕಿನ ದುಮ್ಮವಾಡದ ಬಳಿ ಬೇಡ್ತಿಗೆ ಒಡ್ಡು ಕಟ್ಟಿ ನೀರಸಾಗರ ಮಾಡಿದ್ದು ಹುಬ್ಬಳ್ಳಿಗೆ ನೀರು ಕುಡಿಸಲೆಂದೇ. ಮಲಪ್ರಭೆ ಬಂದದ್ದು ಆಮೇಲೆ. ಬರದ ವರ್ಷಗಳ ಕೊನೆಗೆ, 2017ರಲ್ಲಿ, ನೀರಸಾಗರ ಬತ್ತಿ ತಳ ಬಿರಿದದ್ದನ್ನು ಕಣ್ಣಾರೆ ಕಂಡವರಿದ್ದಾರೆ. ಮೇಲಿನ ಇಳಿಜಾರಿನಲ್ಲಿ ನೀರು ಇಂಗದಿದ್ದರೆ ಕೆಳಗಿನ ಕೆರೆಗೆ ಹೂಳು ಬರುತ್ತದೆ, ಒರತೆ ಬರುವುದಿಲ್ಲ. ಇದಕ್ಕೆ ದೊಡ್ಡ ಇಂಜಿನಿಯರ್ ಬೇಕಾಗಿಲ್ಲ.

ಗುಡ್ಡಕ್ಕೆ ಹೊರಗಿನವರು ಕಣ್ಣು ಹಾಕಿದ್ದೂ ಹೊಸದಲ್ಲ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಹುಟ್ಟುಹಾಕಿ, ಊರ ದನ ಮೇಯುವ ಸಾವಿರಾರು ಎಕರೆಯನ್ನು ನೀಲಗಿರಿ ನೆಡಲು ಕೊಡಹೊರಟಾಗ, ಅಂದಿನ ನಮ್ಮ ಧಾರವಾಡ ಜಿಲ್ಲೆಯದೇ ಆದ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು ಬೇರೆ ಗಿಡ ಹಚ್ಚಿದರು. ‘ಕಿತ್ತಿಕೋ ಹಚ್ಚಿಕೋ’ ಎಂದೇ ಆ ಸತ್ಯಾಗ್ರಹ ಹೆಸರಾಯಿತು. ಆ ಕಂಪನಿ ಮುಂದೆ ಮುಚ್ಚಿತು. ಈಗ ಬರುತ್ತಿರುವುದು ಸೈಟಿನ ರೊಕ್ಕ. ಭೂಸುಧಾರಣೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ತಂದು 79ಎ, 79ಬಿ ಕಲಮು ತೆಗೆದ ಮೇಲೆ ಒಕ್ಕಲುತನ ಅರಿಯದವರೂ ಹೊಲ ಕೊಳ್ಳಲು ದಾರಿಯಾಯಿತು. "ಫಾರ್ಮ್‌ಹೌಸ್ ಪ್ಲಾಟ್" ಎಂಬ ಮಾತು ಚಹಾದಂಗಡಿಯಲ್ಲೂ ಕೇಳಿಬರುತ್ತದೆ. ಮಿಶ್ರಿಕೋಟಿಯ ಹಿರಿಯರೊಬ್ಬರು ನಮಗೆ ಹೇಳಿದ್ದಿಷ್ಟು: "ಗರಸು ಹೊಲದಾಗ ನಾಕ ಚೀಲ ಗೋವಿನಜ್ವಾಳ ಬೆಳೀಲಿಕ್ಕೆ ಎಷ್ಟ ಸಾಯೂದ್ರೀ? ಕೇಳಿದವ್ರಿಗೆ ಕೊಟ್ಟ ಬಿಡೂದು." ಅವರ ಮಾತನ್ನು ಸುಳ್ಳೆನ್ನುವಂತಿಲ್ಲ.

ಯಾಕೆಂದರೆ ನಮ್ಮ ಯಜಮಾನರಿಗೆ ಪಿಂಚಣಿ ಇದೆ. ಮಾವು ಫಲಕ್ಕೆ ಬರುವ ತನಕ ಕಾಯಲು ಹೊಟ್ಟೆಗೆ ಆಧಾರವಿತ್ತು. ಎರಡು ಎಕರೆಯ ರೈತನಿಗೆ ಅದೆಲ್ಲಿ? "ಬೀಗರ ರೊಕ್ಕದಾಗ ಆಳಿನ ಪಗಾರ ಹೊಂಡತೈತಿ, ಅಷ್ಟ. ಬರೇ ಬೀಗರನ್ನ ನಂಬಿದ್ರ ಇದು ತ್ವಾಟ ಹೋಗಿ ಲಾಡ್ಜ್ ಆಕ್ಕೈತಿ" ಎಂದು ಅವರೇ ಒಪ್ಪಿದರು. ಬೀಗರನ್ನು ಕರೆದು ಬದುಕುತ್ತೇವೆಂದು ಹೊರಡುವ ತರುಣರು ಈ ಮಾತನ್ನು ಮೊದಲು ಕಿವಿಗೆ ಹಾಕಿಕೊಳ್ಳಬೇಕು. ಕಾಲುವೆ ತೋಡುವ ಹೆಣ್ಣಾಳೊಬ್ಬಳನ್ನು ಮಾತಾಡಿಸಿದೆವು. "ಬೀಗರು ಬಂದು ಗಿಡಾ ನೋಡಿ ಫೋಟೋ ಹೊಡಕೊಂಡ ಹೊಕ್ಕಾರ್ರೀ. ನಮಗ ಬ್ಯಾಸಗ್ಯಾಗೂ ಇಲ್ಲೆ ಕೆಲಸ ಸಿಕ್ಕೈತಿ, ಹುಬ್ಬಳ್ಳಿಗೆ ಗೌಂಡಿ ಕೆಲಸಕ್ಕ ಹೋಗೂದ ತಪ್ಪೇತಿ" ಎಂದಳು.

ಹೋಗಬೇಕೆನ್ನುವವರಿಗೆ ಇಷ್ಟು ತಿಳಿದಿರಲಿ: ಜೂನ್ ಮಳೆ ಹಿಡಿದ ಮೇಲೆ ಫೆಬ್ರವರಿ ತನಕ ಮಾತ್ರ ಜಾಗ ಸಿಗುತ್ತದೆ. ಒಮ್ಮೆಗೆ ಆರು ಮಂದಿಗಿಂತ ಹೆಚ್ಚಿಲ್ಲ. ಕುಡಿಯುವವರಿಗೆ ಪ್ರವೇಶ ಇಲ್ಲ. ವಿಳಾಸ ಕೇಳಿದರೆ ಮಿಶ್ರಿಕೋಟಿ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹೇಳುತ್ತಾರೆ.

ಬೆಳಿಗ್ಗೆ ಹೊರಡುವಾಗ ಯಜಮಾನರು ತೋಟದ ಮೇಲ್ಬದಿಗೆ ಕರೆದೊಯ್ದು, ಪಕ್ಕದ ಹೊಲದಲ್ಲಿ ಸಾಲಾಗಿ ಹುಗಿದ ಬಿಳಿ ಕಲ್ಲು ತೋರಿಸಿದರು. ಪ್ಲಾಟಿನ ಗಡಿಕಲ್ಲು. ಅಲ್ಲಿಗೆ ರಸ್ತೆ ಕಡಿದರೆ ಮೇಲಿನ ನೀರು ಚರಂಡಿ ಹಿಡಿದು ನೇರ ಹಳ್ಳಕ್ಕೆ. ಇವರ ಕಾಲುವೆಗಳಿಗೆ ಬರುವುದು ಅರ್ಧಕ್ಕರ್ಧ ಕಡಿಮೆ. ರಸ್ತೆಯನ್ನು ಗುಡ್ಡಕ್ಕೆ ಅಡ್ಡಲಾಗಿ, ನೀರಿನ ಪಾತಳಿ ನೋಡಿ ತೆಗೆಯಿರಿ ಎಂದು ಸಂಬಂಧಪಟ್ಟವರಿಗೆ ಎರಡು ಅರ್ಜಿ ಕೊಟ್ಟಿದ್ದಾರೆ. ನಾವು ಹೋದ ದಿನದ ತನಕ ಒಂದಕ್ಕೂ ಉತ್ತರ ಬಂದಿರಲಿಲ್ಲ.