ಹವಳದ ತುಂಡುಗಳನ್ನು ಬಿಲ್ಲೆಗೆ ಕೂರಿಸುವ ಕ್ರಮ

ಹವಳವೆಂದೊಡನೆ ನವರತ್ನಗಳಲ್ಲೊಂದಾದ ಕೆಂಪು ಮಣಿಯು ನೆನಪಿಗೆ ಬರುವುದು ಸಹಜವೇ. ಆ ಮಣಿಯು ಬಹುಮಟ್ಟಿಗೆ ಮೆಡಿಟರೇನಿಯನ್ ಸಮುದ್ರದ ಬೇರೊಂದು ಜಾತಿಯಿಂದ ದೊರೆಯತಕ್ಕದ್ದು. ಇಲ್ಲಿ ಹೇಳಹೊರಟಿರುವುದು ಬೆಚ್ಚಗಿನ, ಆಳವಿಲ್ಲದ ಕಡಲಿನಲ್ಲಿ ದಿಬ್ಬಗಳನ್ನು ಕಟ್ಟುವ ಹವಳದ ವಿಷಯ. ಇದು ಗಿಡದಂತೆ ಕವಲೊಡೆದರೂ ಪ್ರಾಣಿಯೇ ಸರಿ. ಪಾಲಿಪ್ ಎಂಬ ಸಣ್ಣ ಜೀವಿಗಳು ಒತ್ತಾಗಿ ಕೂಡಿಕೊಂಡು, ನೀರಿನಲ್ಲಿರುವ ಸುಣ್ಣದ ಅಂಶದಿಂದ ತಮ್ಮ ಕೆಳಗೆ ಕಲ್ಲನ್ನು ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮವಾದ ಪಾಚಿಯು ನೆಲೆಸಿದ್ದು, ಬೆಳಕಿನ ಬಲದಿಂದ ಆಹಾರವನ್ನು ಉತ್ಪತ್ತಿಮಾಡಿ, ಹಿಂದಿನ ಕಾಲದ ವಾರದ ಒಕ್ಕಲಿನಂತೆ ಒಡೆಯನಿಗೆ ಪಾಲನ್ನು ಸಲ್ಲಿಸುತ್ತದೆ.

ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ಇಂತಹ ಹವಳವನ್ನು ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಸಾಕುವ ರೂಢಿಯುಂಟು. ಅಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬಂದ ವಾಚಕರಲ್ಲಿ ಕೆಲವರು ಕಂಡಿರಲೂಬಹುದು. ಆದರೆ ಒಂದು ಸಂಗತಿಯನ್ನು ಮೊದಲೇ ತಿಳಿಸಬೇಕು. ನಮ್ಮ ದೇಶದಲ್ಲಿ ಕಲ್ಲುಹವಳಗಳೆಲ್ಲವೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿವೆ. ಮುರುಡೇಶ್ವರದ ಆಚೆಗಿರುವ ನೇತ್ರಾಣಿ ದ್ವೀಪದಿಂದ ಒಂದು ಚೂರನ್ನು ಮುರಿದು ತಂದರೂ ಅಪರಾಧವಾಗುತ್ತದೆ. ಆದುದರಿಂದ ಕೆಳಗಿನ ಕ್ರಮವು, ಸಾಕಲು ಅನುಮತಿಯಿರುವ ದೇಶಗಳಲ್ಲಿ, ತೊಟ್ಟಿಯಲ್ಲಿಯೇ ಬೆಳೆದ ಹವಳದಿಂದ ತೆಗೆದ ತುಂಡುಗಳಿಗೆ ಮಾತ್ರ ಅನ್ವಯಿಸತಕ್ಕದ್ದು. ಹೀಗಿದ್ದರೂ ಕಡ್ಡಿ ನೆಟ್ಟು, ಕಸಿ ಕಟ್ಟಿ ಪಳಗಿದವರಿಗೆ ಇದರಲ್ಲಿ ಪರಿಚಿತವಾದ ಅಂಶಗಳು ಬಹಳವಿವೆ.

ಕಡಲಿನಲ್ಲಿ ಬಿರುಗಾಳಿಗೆ ಮುರಿದ ಕವಲುಗಳು ಬಿದ್ದ ಕಡೆಯಲ್ಲಿಯೇ ಕಚ್ಚಿಕೊಂಡು ಬೆಳೆಯುವುದುಂಟು. ತೊಟ್ಟಿಯಲ್ಲಿ ಮಾಡುವುದೂ ಅದನ್ನೇ. ಕವಲುಹವಳದಿಂದ ಒಂದು ಅಂಗುಲದ ತುಂಡನ್ನು ಹರಿತವಾದ ಇಕ್ಕುಳದಿಂದ ಕತ್ತರಿಸಬೇಕು. ಕೊಂಡು ತಂದ ತುಂಡಾದರೆ ಅದರ ಹಳೆಯ ಬಿಲ್ಲೆಯನ್ನು ಮುರಿದು ಎಸೆಯುವುದು ಉತ್ತಮ. ಔಷಧದ ನೀರಿನಲ್ಲಿ ಅದ್ದಿದರೆ ಹುಳುಗಳು ಉದುರುತ್ತವೆಯೇ ಹೊರತು, ಬಿಲ್ಲೆಗೆ ಅಂಟಿರುವ ಅವುಗಳ ಮೊಟ್ಟೆಗಳು ಸಾಯುವುದಿಲ್ಲ. ಬಿತ್ತನೆಯ ಬೀಜದೊಡನೆ ಕಳೆಯು ಹೊಲವನ್ನು ಹೊಕ್ಕಂತೆ, ಇವು ತೊಟ್ಟಿಯನ್ನು ಹೊಕ್ಕರೆ ಇದ್ದ ಹವಳವೆಲ್ಲವೂ ಹಾಳಾಗುವ ಸಂಭವವಿದೆ.

ತುಂಡನ್ನು ಕೂರಿಸಲು ಒರಟಾದ ಪಿಂಗಾಣಿಯ ಬಿಲ್ಲೆಗಳು ದೊರೆಯುತ್ತವೆ. ಅಂಟು ಯಾವುದೆಂದರೆ ಸಯನೋಅಕ್ರಿಲೇಟ್ ಎಂಬುದು. ಅಮೆರಿಕದಲ್ಲಿ 1942ರಲ್ಲಿ ಕಂಡುಬಂದು 1958ರಲ್ಲಿ ಮಾರಾಟಕ್ಕೆ ಬಂದ ಈ ವಸ್ತುವು ತೇವದಿಂದಲೇ ಗಟ್ಟಿಯಾಗತಕ್ಕದ್ದಾದ ಕಾರಣ ನೀರಿನೊಳಗೂ ಹಿಡಿಯುತ್ತದೆ. ನೀರಿನಂತೆ ತೆಳ್ಳಗಿರುವುದು ಹರಿದುಹೋಗುವುದರಿಂದ ಲೋಳೆಯಂತೆ ಮಂದವಾಗಿರುವುದನ್ನೇ ಆರಿಸಬೇಕು. ತುಂಡಿನ ಕತ್ತರಿಸಿದ ತುದಿಯನ್ನು ಮಾತ್ರ ಕಾಗದದಿಂದ ಒತ್ತಿ ಒಣಗಿಸಿ, ಬಿಲ್ಲೆಯ ಮೇಲೆ ಕಡಲೆಕಾಳಿನಷ್ಟು ಅಂಟನ್ನಿಟ್ಟು, ತುಂಡನ್ನು ಅದರಲ್ಲಿ ಊರಿ ಅರ್ಧ ನಿಮಿಷ ಅಲುಗದಂತೆ ಹಿಡಿದು, ಅನಂತರ ತೊಟ್ಟಿಯ ನೀರಿಗೆ ಇಳಿಸಬೇಕು.

ಬಿಲ್ಲೆಯನ್ನು ತೊಟ್ಟಿಯೊಳಗಿನ ಬಂಡೆಗೆ ಸೇರಿಸುವಾಗ ಹೆಚ್ಚು ಎಚ್ಚರ ಬೇಕು. ನೀರು ತಾಕಿದೊಡನೆ ಅಂಟಿನ ಮೇಲೆ ತೆಳುವಾದ ಪೊರೆ ಕಟ್ಟುತ್ತದೆ. ಒತ್ತಿ ಸ್ವಲ್ಪ ತಿರುಚಿದರೆ ಪೊರೆಯು ಹರಿದು ಒಳಗಿನ ಹಸಿಯಂಟು ಬಂಡೆಯನ್ನು ಹಿಡಿಯುತ್ತದೆ. ತುಂಡು ಭಾರವಾಗಿದ್ದರೆ ಎರಡು ಪದರ ಅಂಟಿನ ನಡುವೆ ನಾದಿದ ಎಪಾಕ್ಸಿ ಪುಟ್ಟಿಯನ್ನು ಇಡತಕ್ಕದ್ದು. ಪುಟ್ಟಿಯೊಂದೇ ಒದ್ದೆ ಕಲ್ಲಿಗೆ ಹಿಡಿಯುವುದಿಲ್ಲ.

ತುಂಡು ಸತ್ತರೆ ಅಂಟನ್ನು ದೂರುವುದು ವಾಡಿಕೆಯಾಗಿದೆ. ಆದರೆ ಅನೇಕ ವೇಳೆ ಅಲುಗಾಟವೇ ಕಾರಣವೆಂದು ನಮ್ಮ ಅಭಿಪ್ರಾಯ. ಅಂಟು ಕೇವಲ ಊರುಗೋಲು. ಹವಳವು ತನ್ನ ಮಾಂಸದ ಅಂಚನ್ನು ಬಿಲ್ಲೆಯ ಮೇಲೆ ಹರಡಿ, ಅದರಡಿಯಲ್ಲಿ ತಾನೇ ಕಲ್ಲನ್ನು ಕಟ್ಟಿಕೊಳ್ಳಬೇಕು. ಬಸವನಹುಳುವೋ ಏಡಿಯೋ ತಳ್ಳಿದಾಗಲೆಲ್ಲ ತುಂಡು ಅಲುಗಿದರೆ ಈ ಎಳೆಯ ಅಂಚು ಮತ್ತೆ ಮತ್ತೆ ಹರಿಯುತ್ತದೆ. ಮಾವಿನ ಕಸಿಯ ಕಟ್ಟು ಸಡಿಲವಾದರೆ ಏನಾಗುವುದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ.

ಕಲ್ಲು ಕಟ್ಟದ ಮೆತು ಹವಳಗಳ ಮೈಯಿಂದ ಲೋಳೆಯು ಸುರಿಯುವುದರಿಂದ ಅವುಗಳಿಗೆ ಅಂಟು ನಿಲ್ಲುವುದಿಲ್ಲ. ಅಣಬೆಯಾಕಾರದವನ್ನು ಕಲ್ಲುಚೂರು ತುಂಬಿದ ಬಟ್ಟಲಿನಲ್ಲಿಟ್ಟು, ಮೇಲೆ ಬಲೆಯನ್ನು ಹೊದಿಸಿ, ನೀರಿನ ಸೆಳೆತ ಕಡಿಮೆಯಿರುವ ಕಡೆ ಬಿಟ್ಟರೆ ತಾವಾಗಿಯೇ ಚೂರುಗಳಿಗೆ ಅಂಟಿಕೊಳ್ಳುತ್ತವೆ. ಚರ್ಮದಂತಿರುವವನ್ನು ದಾರದಿಂದ ಕಲ್ಲಿಗೆ ಕಟ್ಟಬಹುದು.

ಇವುಗಳ ದೂರದ ಬಳಗದ ಪಾಲಿಥೋವ ಎಂಬ ಜಾತಿಯನ್ನು ಮಾತ್ರ ಹೊಸಬರು ಮುಟ್ಟಕೂಡದು. ಇದರಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರಬಹುದು. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನ ಒಂದು ಮನೆಯಲ್ಲಿ ತೊಟ್ಟಿಯ ಕಲ್ಲನ್ನು ಹೊರತೆಗೆದು ಉಜ್ಜಿದುದರಿಂದ, ಮನೆಯವರೂ ಸಹಾಯಕ್ಕೆ ಬಂದ ಅಗ್ನಿಶಾಮಕ ಸಿಬ್ಬಂದಿಯೂ ಆಸ್ಪತ್ರೆಗೆ ಸೇರಬೇಕಾಯಿತು. ಇಂತಹ ಕಲ್ಲನ್ನು ಕುದಿಸುವುದು ಇನ್ನೂ ಅಪಾಯಕರ; ವಿಷವು ಹಬೆಯೊಡನೆ ಉಸಿರಿಗೆ ಸೇರುತ್ತದೆ. ಯಾವ ಹವಳವನ್ನು ಕತ್ತರಿಸುವಾಗಲೂ ಕೈಗವಸನ್ನೂ ಕನ್ನಡಕವನ್ನೂ ಧರಿಸತಕ್ಕದ್ದು.

ನೀರಿನ ಲವಣಾಂಶವು ಸಾವಿರಕ್ಕೆ 35 ಭಾಗವೂ, ಶಾಖವು ಸುಮಾರು 78 ಡಿಗ್ರಿ ಫಾರನ್‌ಹೀಟೂ ಇದ್ದು ಏರಿಳಿತವಿಲ್ಲದಿರಬೇಕು. ಹೊಸ ತುಂಡನ್ನು ಮೊದಲು ಬೆಳಕು ಕಡಿಮೆಯಿರುವ ತಳಭಾಗದಲ್ಲಿಟ್ಟು, ಕೆಲವು ವಾರಗಳಲ್ಲಿ ಕ್ರಮವಾಗಿ ಮೇಲಕ್ಕೆ ತರಬೇಕು. ಕೆಲವು ಜಾತಿಗಳು ಉದ್ದವಾದ ಕುಟುಕುವ ಎಳೆಗಳನ್ನು ಚಾಚಿ ನೆರೆಯವನ್ನು ಸುಡುವುದರಿಂದ ಅವುಗಳ ಸುತ್ತ ಅರ್ಧ ಅಡಿಯಾದರೂ ಅಂತರವಿರಲಿ. ತುಂಡಿನ ಬುಡದಿಂದ ತೆಳುವಾದ ಬಣ್ಣದ ಅಂಚು ಅಂಟನ್ನು ದಾಟಿ ಬಿಲ್ಲೆಯ ಮೇಲೆ ಹರಡಿರುವುದು ಕಂಡಾಗ ಅದು ನೆಲೆಯೂರಿತೆಂದು ತಿಳಿಯಬಹುದು. ಅಲ್ಲಿಯವರೆಗೆ ಅದನ್ನು ಎತ್ತಿ ನೋಡಲಾಗದು.